ಬಿಸಿಲೂರಿನ ಗುಬ್ಬಿ ಗೂಡಿಗೊಂದು ಕ್ಯಾಮೆರಾ

ರಾಯಚೂರಿನ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜಂತಿಯ ಸಂದಿಗಳೇ ಗುಬ್ಬಚ್ಚಿಗಳ ಬಾಣಂತಿ ಕೋಣೆಗಳಾಗಿದ್ದವು. ಆರ್‌ಸಿಸಿ ಮನೆಗಳಲ್ಲಿ ಅಂಥ ಸಂದಿಯೇ ಇಲ್ಲ. ಹಿತ್ತಲ ಗೋಡೆಗೆ ಮರದ ಪೆಟ್ಟಿಗೆ ಹಾಕಿ, ಒಳಗೊಂದು ಸಣ್ಣ ಕ್ಯಾಮೆರಾ ಇಟ್ಟರೆ ಮರಿಗಳು ಬೆಳೆಯುವುದನ್ನು ಮೊಬೈಲಿನಲ್ಲೇ ನೋಡಬಹುದು. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಮೊದಲು ನೆರಳು, ಆಮೇಲೆ ಕ್ಯಾಮೆರಾ.

ಪೆಟ್ಟಿಗೆಯನ್ನು 2 ಸೆಂ.ಮೀ. ದಪ್ಪದ ಹಲಗೆಯಲ್ಲಿ ಬಡಗಿಯಿಂದ ಮಾಡಿಸಿ. ತಗಡು, ಪ್ಲಾಸ್ಟಿಕ್ ಡಬ್ಬ ಬೇಡವೇ ಬೇಡ, ಮಧ್ಯಾಹ್ನಕ್ಕೆ ಮರಿಗಳು ಬೆಂದುಹೋಗುತ್ತವೆ. ತಳ 15 ಸೆಂ.ಮೀ. ಚೌಕ, ಎತ್ತರ 30 ಸೆಂ.ಮೀ. ಇರಲಿ. ಬಾಗಿಲಿನ ತೂತು ಸುಮಾರು 3.2 ಸೆಂ.ಮೀ. ಸಾಕು, ಗೊರವಂಕ ಒಳಗೆ ನುಗ್ಗಲಾರದು. ಗಾಳಿಯಾಡಲು ಮೇಲ್ಭಾಗದಲ್ಲಿ ನಾಲ್ಕಾರು ಸಣ್ಣ ತೂತು ಕೊರೆಸಿ. ಹೊರಗೆ ಕೂರುವ ಕಡ್ಡಿ ಹಾಕಬೇಡಿ, ಅದು ಕಾಗೆಗೆ ಅನುಕೂಲ.

ಉತ್ತರ ಅಥವಾ ಪೂರ್ವದ ಗೋಡೆಗೆ, ಸಜ್ಜಾದ ಕೆಳಗೆ, ಬೆಕ್ಕಿಗೆ ಎಟುಕದ ಹಾಗೆ 3 ಮೀಟರ್ ಎತ್ತರದಲ್ಲಿ ಕೂರಿಸಿ. ಮಧ್ಯಾಹ್ನ ಮೂರಕ್ಕೆ ಅಲ್ಲೇ ನಿಂತು, ಬಿಸಿಲು ಬೀಳುತ್ತದೆಯೇ ಎಂದು ನೀವೇ ನೋಡಿ.

ಕ್ಯಾಮೆರಾ ಮುಚ್ಚಳದಿಂದ ಕೆಳಮುಖವಾಗಿರಬೇಕು. ಕತ್ತಲಲ್ಲಿ ಕಾಣಲು ಇನ್‌ಫ್ರಾರೆಡ್ ಇರುವುದನ್ನೇ ಕೊಳ್ಳಿ, ಬಿಳಿ ದೀಪ ಉರಿಸಬಾರದು. ಸಾಮಾನ್ಯ ಸಿಸಿ ಕ್ಯಾಮೆರಾ ದೂರಕ್ಕೆ ಹೊಂದಿಸಿರುತ್ತದೆ, 20 ಸೆಂ.ಮೀ. ಹತ್ತಿರದ್ದೆಲ್ಲ ಮಬ್ಬು. ಪೆಟ್ಟಿಗೆಯ ತಳದಲ್ಲಿ ಪತ್ರಿಕೆಯ ತುಂಡು ಹಾಸಿ, ಅದರ ಅಕ್ಷರ ಸ್ಪಷ್ಟವಾಗಿ ಓದಲು ಬರುವವರೆಗೆ ಲೆನ್ಸ್ ತಿರುಗಿಸಿ (ಅಂಗಡಿಯವರೂ ಮಾಡಿಕೊಡುತ್ತಾರೆ). ವೈರ್ ಮರಿಗಳ ಕಾಲಿಗೆ ಸಿಗದಂತೆ ಹೊರಗಿನಿಂದಲೇ ಎಳೆಯಿರಿ. ಇಷ್ಟೆಲ್ಲ ಗುಬ್ಬಿಗಳು ಹುಲ್ಲು ತರುವ ಮೊದಲೇ ಮುಗಿದಿರಬೇಕು. ಮೊಟ್ಟೆಯಿಟ್ಟ ಮೇಲೆ ಕ್ಯಾಮೆರಾ ಕೆಟ್ಟರೂ ಪೆಟ್ಟಿಗೆ ತೆರೆಯಬೇಡಿ. ಕಾಡುಹಕ್ಕಿಗಳ ಗೂಡು, ಮೊಟ್ಟೆ ಕೆದಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ತಪ್ಪು.

ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆ, ದಿನಕ್ಕೊಂದರಂತೆ. ಸುಮಾರು ಎರಡು ವಾರ ಕಾವು. ಹುಟ್ಟಿದ ಮರಿಗೆ ಪುಕ್ಕವಿಲ್ಲ, ಕಣ್ಣು ತೆರೆದಿಲ್ಲ, ಬಾಯಿ ಮಾತ್ರ ದೊಡ್ಡದು. ಕಾಳು ತಿನ್ನುವ ಗುಬ್ಬಿಯೇ ಈಗ ಹಸಿರು ಹುಳು ಹಿಡಿದು ತಂದು ಆ ಬಾಯಿಗಿಡುತ್ತದೆ. ಹಾಗಾಗಿ ಹಿತ್ತಲ ಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ. ಮರಿಯ ಹಿಕ್ಕೆ ಬಿಳಿ ಚೀಲದಂತೆ ಬರುತ್ತದೆ. ತಾಯಿಯೋ ತಂದೆಯೋ ಅದನ್ನು ಕೊಕ್ಕಿನಲ್ಲಿ ಕಚ್ಚಿ ಹೊರಗೆ ಒಯ್ದು ಬಿಸಾಡುವುದನ್ನು ತಪ್ಪದೆ ನೋಡಿ.

ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ ಹೆಚ್ಚಾಗಿದೆ ಎಂದರ್ಥ. ಬಾಗಿಲು ಮುಚ್ಚದಂತೆ ಪೆಟ್ಟಿಗೆಯ ಮೇಲೆ ಒದ್ದೆ ಗೋಣಿತಾಟು ಹೊದಿಸಿ.

ಹುಟ್ಟಿದ ಸುಮಾರು ಹದಿನೈದು ದಿನಕ್ಕೆ ಮರಿಗಳು ಹಾರುತ್ತವೆ. ಆಮೇಲೆ ಹಳೆಯ ಹುಲ್ಲು ತೆಗೆದು, ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಅದೇ ಜೋಡಿ ಅದೇ ವರ್ಷ ಮತ್ತೆ ಮೊಟ್ಟೆಯಿಡುವುದುಂಟು. ಪೆಟ್ಟಿಗೆ ಇಳಿಸುವ ಮುಂಚೆ ಹೊಸ ಮೊಟ್ಟೆ ಇಟ್ಟಿಲ್ಲವೆಂದು ಮೊಬೈಲಿನಲ್ಲಿ ಖಾತ್ರಿ ಮಾಡಿಕೊಳ್ಳಿ.