ಸಮುದ್ರ ಮೀನಿನ ಮರಿಗೆ ಜೀವಂತ ಆಹಾರ: ಸೋಸುವುದು, ತೊಳೆಯುವುದು, ಅಳೆಯುವುದು

ಮೊಟ್ಟೆಯೊಡೆದು ಬಂದ ಸಮುದ್ರ ಮೀನಿನ ಮರಿಗಳಲ್ಲಿ ಹೆಚ್ಚಿನವು ಪುಡಿ ಆಹಾರದ ಕಡೆ ತಿರುಗಿಯೂ ನೋಡುವುದಿಲ್ಲ. ಕಣ್ಣೆದುರು ಮಿಸುಕಾಡಿದ್ದಷ್ಟೇ ಅವಕ್ಕೆ ಊಟ. ಅದಕ್ಕಾಗಿಯೇ ರೋಟಿಫರ್, ಆರ್ಟೀಮಿಯಾ, ಕೋಪೆಪಾಡ್ ಎಂಬ ಅತಿ ಚಿಕ್ಕ ನೀರುಜೀವಿಗಳನ್ನು ಬೇರೆ ಪಾತ್ರೆಗಳಲ್ಲಿ ಬೆಳೆಸಿಕೊಳ್ಳಬೇಕಾಗುತ್ತದೆ. ಬೆಳೆಸುವುದು ಬೇಗ ಕೈಗೆ ಹತ್ತುತ್ತದೆ. ಹಲವರು ಎಡವುವುದು ಅವನ್ನು ಮರಿಗಳ ತೊಟ್ಟಿಗೆ ದಾಟಿಸುವಾಗ. ರೋಟಿಫರ್ ಬೆಳೆದ ನೀರೆಂದರೆ ಅಮೋನಿಯಾ, ಬ್ಯಾಕ್ಟೀರಿಯಾ, ಕೊಳೆತ ಪಾಚಿ ಎಲ್ಲವೂ ಸೇರಿದ ಕಷಾಯ. ಅದರ ಒಂದು ಲೋಟವೂ ಮರಿಗಳ ತೊಟ್ಟಿಗೆ ಹೋಗಬಾರದು. ಜೀವಿಗಳು ಮಾತ್ರ ಹೋಗಬೇಕು.

ಜರಡಿ

ಅಂಗಡಿ ಜರಡಿಯೇ ಬೇಕೆಂದಿಲ್ಲ. 4 ಇಂಚಿನ ಪಿವಿಸಿ ಪೈಪಿನಿಂದ 10 ಸೆಂ.ಮೀ. ಎತ್ತರದ ತುಂಡು ಕತ್ತರಿಸಿ, ಒಂದು ಅಂಚನ್ನು ಉಪ್ಪುಕಾಗದದಲ್ಲಿ ಸಮ ಮಾಡಿ. ಕಣ್ಣಿನ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಳತೆ ಗೊತ್ತಿರುವ ನೈಲಾನ್ ಬಲೆಯನ್ನು ಡೋಲಿನ ಚರ್ಮದಂತೆ ಬಿಗಿಯಾಗಿ ಎಳೆದು, ಅಕ್ವೇರಿಯಂ ಸಿಲಿಕೋನ್‌ನಿಂದ ಅಂಟಿಸಿ. ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಒಂದೆರಡು ದಿನ, ಒಣಗಲು ಬಿಡಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ: ಅಂಚಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅರ್ಧ ಫಸಲು ಅಲ್ಲೇ ಸೋರಿಹೋಗುತ್ತದೆ. ಹಳೆಯ ಪಂಚೆ, ಚಹಾ ಸೋಸುವ ಜಾಲರಿ ಬೇಡ. ಅವುಗಳ ಕಣ್ಣಿನ ಗಾತ್ರ ಗೊತ್ತಿಲ್ಲದಿದ್ದರೆ ಏನು ಉಳಿಯಿತು, ಏನು ಹೋಯಿತು ಎಂಬುದೂ ಗೊತ್ತಾಗುವುದಿಲ್ಲ.

ಸಾಮಾನ್ಯ ರೋಟಿಫರ್‌ಗೆ 53 ಮೈಕ್ರಾನ್, ಆರ್ಟೀಮಿಯಾ ಮರಿಗೆ 120, ಕೋಪೆಪಾಡ್ ಮರಿಗೆ 38 ಮೈಕ್ರಾನಿನ ಬಲೆ ಸಾಕು. ಇದರ ಜೊತೆಗೆ, ಕಸದ ಗಂಟುಗಳನ್ನು ಮೇಲೆಯೇ ತಡೆಯಲು 150 ಮೈಕ್ರಾನಿನದೊಂದು ಇರಲಿ.

ರೋಟಿಫರ್

ಮೊದಲು ಪಾತ್ರೆಗೆ ಪಂಪಿನಿಂದ ಬಿಡುವ ಗಾಳಿ ನಿಲ್ಲಿಸಿ. ಹತ್ತು ನಿಮಿಷದಲ್ಲಿ ಕಸ ತಳಕ್ಕಿಳಿಯುತ್ತದೆ. ಅದಕ್ಕಿಂತ ಹೆಚ್ಚು ಕಾಯಬೇಡಿ, ದಟ್ಟವಾಗಿ ತುಂಬಿದ ಪಾತ್ರೆಯಲ್ಲಿ ಆಮ್ಲಜನಕ ಬಲು ಬೇಗ ಬರಿದಾಗುತ್ತದೆ.

ಅಗಲವಾದ ಟಬ್ಬಿನಲ್ಲಿ 53ರ ಜರಡಿ, ಅದರ ಮೇಲೆ 150ರದು. ಕೆಳಗಿನ ಜರಡಿಯ ಬಲೆ ಸದಾ ನೀರಿನಲ್ಲಿ ಮುಳುಗಿರುವಂತೆ ಟಬ್ಬಿಗೆ ಮೊದಲೇ ಉಪ್ಪುನೀರು ತುಂಬಿಸಿ, ಹೆಚ್ಚಾದದ್ದು ಅಂಚಿನಿಂದ ಹರಿದುಹೋಗಲಿ. ಈ ಮುಳುಗಿಸುವ ಹಂತವನ್ನು ಬಿಡುವವರೇ ಹೆಚ್ಚು. ಬಲೆ ಗಾಳಿಯಲ್ಲಿ ತೂಗುತ್ತಿದ್ದರೆ ಮೇಲಿಂದ ಬೀಳುವ ನೀರು ರೋಟಿಫರ್‌ಗಳನ್ನು ಬಲೆಗೆ ಒತ್ತಿ ಹಿಡಿಯುತ್ತದೆ, ಮೈಗಂಟಿದ ಮೊಟ್ಟೆ ಕಿತ್ತುಬರುತ್ತದೆ. ನೋಡಲು ಫಸಲು ಚೆನ್ನಾಗಿಯೇ ಇರುತ್ತದೆ, ತೊಟ್ಟಿಗೆ ಹಾಕಿದ ಮೇಲೆ ತಳ ಸೇರುತ್ತದೆ.

ಗಾಳಿ ಪಂಪಿನ ತೆಳು ನಳಿಕೆಯಿಂದ ನಿಧಾನವಾಗಿ ಸೈಫನ್ ಮಾಡಿ. ನಳಿಕೆಯ ತುದಿ ತಳದಿಂದ 3 ಸೆಂ.ಮೀ. ಮೇಲಿರಲಿ. ಬೇಕಾದಷ್ಟು ಬಂದ ಮೇಲೆ ಮೇಲಿನ ಜರಡಿ ತೆಗೆದಿಟ್ಟು, ಕೆಳಗಿನದರ ಮೇಲೆ ಒಂದೆರಡು ಲೀಟರ್ ಶುದ್ಧ ಉಪ್ಪುನೀರನ್ನು ಮೆಲ್ಲಗೆ ಹರಿಸಿ. ಕೆಳಗೆ ಇಳಿಯುವ ನೀರು ತಿಳಿಯಾದರೆ ತೊಳೆದದ್ದು ಸಾಕು. ಕೊನೆಗೆ ಜರಡಿಯನ್ನು ಓರೆಯಾಗಿಸಿ, ಹೊರಬದಿಯಿಂದ ನೀರು ಚಿಮುಕಿಸಿ, ರೋಟಿಫರ್‌ಗಳನ್ನು ಮಗ್ಗಿಗೆ ಇಳಿಸಿ.

ಬಲೆ ಪದೇ ಪದೇ ಕಟ್ಟಿಕೊಂಡರೆ ಬಲೆಯನ್ನು ಬೈಯಬೇಡಿ, ಪಾಚಿ ಆಹಾರ ಹೆಚ್ಚಾಗಿದೆ ಎಂದರ್ಥ. ಉಜ್ಜದೆ, ಹೊರಗಿನಿಂದ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ರೋಟಿಫರ್ ಜೊತೆ ಸಿಲಿಯೇಟ್‌ಗಳೂ (ಏಕಕೋಶ ಜೀವಿಗಳು) ಸೇರಿಕೊಂಡಿದ್ದರೆ ಅವುಗಳಲ್ಲಿ ಸಾಕಷ್ಟು ಭಾಗ 53ರ ಕಣ್ಣಿನಿಂದ ನುಸುಳಿ ಹೋಗುತ್ತದೆ. ಸೋಸಿ ಉಳಿದದ್ದನ್ನು ಹೊಸ ಪಾತ್ರೆಯಲ್ಲಿ ಹೊಸ ನೀರಿಗೆ ಹಾಕಿ ಮತ್ತೆ ಶುರು ಮಾಡಬಹುದು.

ದಿನಕ್ಕೆ ಪಾತ್ರೆಯ ನೀರಿನ 20ರಿಂದ 30 ಶೇಕಡಾ ತೆಗೆದು, ಅಷ್ಟೇ ಹೊಸ ಉಪ್ಪುನೀರು ತುಂಬಿ. ಮರಿಗಳಿಗೆ ಬೇಕಿಲ್ಲದ ದಿನವೂ ತೆಗೆಯಲೇಬೇಕು. ಸಂಖ್ಯೆ ಉಕ್ಕಿ, ಅಮೋನಿಯಾ ಏರಿ, ಬೆಳಗಾಗುವಷ್ಟರಲ್ಲಿ ಇಡೀ ಪಾತ್ರೆ ನೆಲ ಕಚ್ಚುವುದು ಇಂಥ ಸೋಮಾರಿತನದ ದಿನಗಳ ಬೆನ್ನಿಗೇ.

ಎಷ್ಟು ಹಾಕಬೇಕು

ಕಣ್ಣಂದಾಜು ಬೇಡ. 1 ಮಿ.ಲೀ. ನೀರಿಗೆ ಒಂದು ಹನಿ ಅಯೋಡಿನ್ ದ್ರಾವಣ ಹಾಕಿದರೆ ರೋಟಿಫರ್‌ಗಳು ನಿಂತಲ್ಲೇ ನಿಲ್ಲುತ್ತವೆ, ಭೂತಗನ್ನಡಿಯಲ್ಲಿ ಎಣಿಸಬಹುದು. ಎಣಿಸಿದ ನೀರನ್ನು ಚೆಲ್ಲಿಬಿಡಿ. ಮರಿಗಳ ತೊಟ್ಟಿ 100 ಲೀಟರ್, ಬೇಕಾದದ್ದು ಮಿ.ಲೀ.ಗೆ 10, ಈಗಾಗಲೇ ಇರುವುದು 2 ಎಂದುಕೊಳ್ಳಿ. ಕೊರತೆ 8 ಲಕ್ಷ ರೋಟಿಫರ್. ಬೆಳೆಸುವ ಪಾತ್ರೆಯಲ್ಲಿ ಮಿ.ಲೀ.ಗೆ 300 ಇದ್ದರೆ 2.7 ಲೀಟರ್ ಸೋಸಿದರೆ ಆಯಿತು.

ಉಪ್ಪಿನಂಶ ನೋಡಿಕೊಳ್ಳಿ. ರೋಟಿಫರ್ ಪಾತ್ರೆ ಹೆಚ್ಚಾಗಿ 20–25 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ ಉಪ್ಪಿನ ಭಾಗ), ಮರಿಗಳ ತೊಟ್ಟಿ 33–35. ಥಟ್ಟನೆ ದಾಟಿಸಿದರೆ ಈಜುವುದನ್ನು ನಿಲ್ಲಿಸಿ ತಳ ಹಿಡಿಯುತ್ತವೆ. ತಳದಲ್ಲಿ ಬಿದ್ದದ್ದು ಮರಿಗೆ ಕಾಣುವುದಿಲ್ಲ. ತೊಳೆದ ಫಸಲಿಗೆ ತೊಟ್ಟಿಯ ನೀರನ್ನು ಅರ್ಧ ಗಂಟೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸಿ, ನಂತರ ಹಾಕಿ.

ಆರ್ಟೀಮಿಯಾ

ಇಲ್ಲಿ ಕೆಲಸ ಮಾಡುವುದು ಜರಡಿಗಿಂತ ಹೆಚ್ಚಾಗಿ ಬೆಳಕು. ಒಡೆಯದ ಮೊಟ್ಟೆಯ ಗಾತ್ರ 200–250 ಮೈಕ್ರಾನ್, ಅದೇ ತಾನೇ ಹೊರಬಂದ ಮರಿಯ ಉದ್ದ 400–500. ಮರಿ ಉದ್ದವಾದರೂ ತೆಳ್ಳಗಿರುವುದರಿಂದ ಬಲೆಯಲ್ಲಿ ಇವನ್ನು ನೆಚ್ಚಿಕೊಂಡು ಬೇರ್ಪಡಿಸಲಾಗದು. ಮೊಟ್ಟೆ ಹಾಕುವ ಪ್ರಮಾಣ ಲೀಟರಿಗೆ 2 ಗ್ರಾಂ ಮೀರದಿರಲಿ. 25–28 ಡಿಗ್ರಿ ಶಾಖ, ಜೋರು ಗಾಳಿ, ಬೆಳಕು ಇದ್ದರೆ 18–24 ಗಂಟೆಯಲ್ಲಿ ಒಡೆಯುತ್ತವೆ. ಆಲಿಕೆಯಂಥ ತಳವಿರುವ ಪಾತ್ರೆಯ ಗಾಳಿ ನಿಲ್ಲಿಸಿ, ಮೇಲ್ಭಾಗಕ್ಕೆ ಕಪ್ಪು ಬಟ್ಟೆ ಮುಚ್ಚಿ, ತಳದಲ್ಲಿ ಟಾರ್ಚ್ ಹಿಡಿಯಿರಿ. ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನತ್ತ ಇಳಿಯುತ್ತವೆ. ತಳದ ಕೊಳವೆ ತೆರೆದಾಗ ಮೊದಲು ಬರುವ ಒಂದೆರಡು ಚಮಚ ನೀರಿನಲ್ಲಿ ಒಡೆಯದ ಮೊಟ್ಟೆಗಳಿರುತ್ತವೆ, ಚೆಲ್ಲಿ. ಚಿಪ್ಪಿನ ಪದರ ಹತ್ತಿರ ಬಂದೊಡನೆ ಕೊಳವೆ ಮುಚ್ಚಿ. ಆಸೆಗೆ ಬಿದ್ದು ಕೊನೆಯ ಹನಿವರೆಗೂ ಇಳಿಸಿದರೆ ಚಿಪ್ಪೂ ಬರುತ್ತದೆ, ಮೀನಿನ ಮರಿಯ ಕರುಳಿಗೆ ಅದು ಅಡ್ಡ.

ಸೋಸಿ ತೊಳೆದ ಮೇಲೆ ತಡ ಮಾಡಬೇಡಿ. ಹೊರಬಂದ ಎಂಟು ಗಂಟೆಯ ಆಸುಪಾಸಿನಲ್ಲಿ ಆರ್ಟೀಮಿಯಾ ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತದೆ. ಅಷ್ಟರಲ್ಲಿ ತಾನು ಹೊತ್ತು ತಂದ ಹಳದಿಭಾಗವನ್ನು ಖರ್ಚು ಮಾಡುತ್ತಿರುತ್ತದೆ. ಒಂದೋ ತಕ್ಷಣ ತಿನ್ನಿಸಬೇಕು, ಇಲ್ಲವೇ ಪೊರೆ ಕಳಚಿದ ಮೇಲೆ ಕೊಬ್ಬಿನಂಶದ ಪೋಷಕ ದ್ರಾವಣದಲ್ಲಿ 12 ಗಂಟೆ ಬಿಟ್ಟು, ಮತ್ತೆ ತೊಳೆದು ಹಾಕಬೇಕು. ನಡುವಿನ ಹೊತ್ತಿನದು ಬರೀ ಹೊಟ್ಟು. ತಡೆದಿಡಲೇಬೇಕಾದರೆ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ, ಸಣ್ಣ ಗಾಳಿಯೊಂದಿಗೆ ಒಂದು ದಿನ ಇಡಬಹುದು.

ಕೋಪೆಪಾಡ್

ರೋಟಿಫರ್ ಕೂಡ ಹಿಡಿಯದಷ್ಟು ಚಿಕ್ಕ ಬಾಯಿಯ ಮೀನಿನ ಮರಿಗಳಿಗೆ ಇದೇ ಗತಿ. ಪಾರ್ವೊಕ್ಯಾಲನಸ್‌ನಂಥ ಚಿಕ್ಕ ಜಾತಿಯಾದರೆ ಮೇಲೆ 75, ಕೆಳಗೆ 38 ಮೈಕ್ರಾನ್. ಮೇಲೆ ಉಳಿದ ದೊಡ್ಡವನ್ನು ಕೂಡಲೇ ಅವುಗಳ ಪಾತ್ರೆಗೆ ಮರಳಿಸಿ, ಕೆಳಗಿನ ಜರಡಿಯಲ್ಲಿ ಉಳಿದ ಕೋಪೆಪಾಡ್ ಮರಿಗಳನ್ನು ಮೀನಿನ ಮರಿಗಳಿಗೆ ತಿನ್ನಿಸಿ. ರೋಟಿಫರ್‌ಗಿಂತ ಇವು ಬಹಳ ನಾಜೂಕು, ಸೈಫನ್‌ನ ಹರಿವು ಇನ್ನೂ ನಿಧಾನವಿರಲಿ.

ಕೋಪೆಪಾಡ್ ಪಾತ್ರೆಗೆ ದೊಡ್ಡ ಶತ್ರು ನಿಮ್ಮದೇ ಒದ್ದೆ ಕೈ. ಅದರಲ್ಲಿದ್ದ ಒಂದೇ ಒಂದು ರೋಟಿಫರ್ ಬಿದ್ದರೂ ಸಾಕು. ಗಂಡಿಲ್ಲದೆಯೇ ಸಂತಾನ ಬೆಳೆಸುವ ಅದು ಕೆಲವೇ ದಿನಗಳಲ್ಲಿ ಪಾಚಿಯನ್ನೆಲ್ಲ ಮೇದು ಕೋಪೆಪಾಡನ್ನು ಉಪವಾಸ ಕೆಡಹುತ್ತದೆ. ಆದ್ದರಿಂದ ದಿನದ ಕೆಲಸ ಶುರುವಾಗಬೇಕಾದದ್ದು ಕೋಪೆಪಾಡ್‌ನಿಂದ, ರೋಟಿಫರ್ ಕಟ್ಟಕಡೆಗೆ. ಜರಡಿ, ನಳಿಕೆ, ಮಗ್ಗು ಒಂದೊಂದಕ್ಕೂ ಬೇರೆ, ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಡಿ. ಬರೀ ಒಣಗಿಸಿದರೆ ಸಾಲದು, ರೋಟಿಫರ್‌ನ ಸುಪ್ತ ಮೊಟ್ಟೆ ಒಣಗಿದರೂ ಬದುಕಿರುತ್ತದೆ.

ತಿನ್ನಿಸಿ ಒಂದು ಗಂಟೆಯ ನಂತರ ಮರಿಯ ಹೊಟ್ಟೆ ನೋಡಿ. ಆರ್ಟೀಮಿಯಾ ತಿಂದದ್ದು ಕಿತ್ತಳೆಯಾಗಿ ಹೊರಗೇ ಕಾಣುತ್ತದೆ. ಮರುದಿನ ಬೆಳಗ್ಗೆ ತೊಟ್ಟಿಯ ನೀರಿನಲ್ಲಿ ಮಿ.ಲೀ.ಗೆ ಐದಾರು ರೋಟಿಫರ್ ಇನ್ನೂ ಓಡಾಡುತ್ತಿದ್ದರೆ ಅಂದಿನ ಪಾಲು ಕಡಿಮೆ ಮಾಡಿ, ತೊಟ್ಟಿಗೆ ತುಸು ಹಸಿರು ಪಾಚಿ ಬೆರೆಸಿ. ರಾತ್ರಿಯೆಲ್ಲ ಹಸಿದ ರೋಟಿಫರ್ ತಿಂದರೆ ಮರಿಗೆ ಸಿಗುವುದು ಚಿಪ್ಪು ಮಾತ್ರ.