ಕರೆ ನಿಜವಾಗಿಯೂ ಕಟ್ ಆಗಿದೆಯೇ?

ರಿಸೀವರನ್ನು ಫೋನಿನ ಮೇಲೆ ಇಟ್ಟೊಡನೆ ಮಾತು ಮುಗಿಯುತ್ತಿದ್ದ ಕಾಲದ ಅಭ್ಯಾಸ ನಮ್ಮಲ್ಲಿ ಅನೇಕರ ಕೈಯಲ್ಲಿ ಇನ್ನೂ ಉಳಿದುಕೊಂಡಿದೆ. ಅದೇ ಅಭ್ಯಾಸದಿಂದ ಸ್ಮಾರ್ಟ್‌ಫೋನನ್ನೂ ಕಿವಿಯಿಂದ ತೆಗೆದು ಮೇಜಿನ ಮೇಲೆ ಮಗುಚಿ ಹಾಕುತ್ತಾರೆ, ಇಲ್ಲವೇ ಹಾಗೆಯೇ ಜೇಬಿಗೆ ಇಳಿಸುತ್ತಾರೆ. ಕರೆ ಮಾತ್ರ ಮುಗಿದಿರುವುದಿಲ್ಲ. ಈ ಕಡೆ ಮನೆಯವರೊಡನೆ ಆಡುವ ಮಾತೆಲ್ಲ ಆ ಕಡೆಗೆ ಸ್ಪಷ್ಟವಾಗಿ ಕೇಳುತ್ತಿರುತ್ತದೆ. ಆಗಷ್ಟೇ ಮಾತನಾಡಿದವರ ಬಗ್ಗೆಯೇ ಏನಾದರೂ ಅಂದುಬಿಟ್ಟರಂತೂ ಸಂಬಂಧವೇ ಕೆಡುತ್ತದೆ. ಮೊಬೈಲ್ ಕರೆಯನ್ನು ಇಬ್ಬರಲ್ಲಿ ಯಾರು ಕಟ್ ಮಾಡಿದರೂ ಎರಡೂ ಕಡೆ ಮುಗಿಯುತ್ತದೆ ಎಂಬುದು ನಿಜ. ಆದರೆ ಇನ್ನೊಬ್ಬರು ಕಟ್ ಮಾಡಿಯಾರು ಎಂದು ಇಬ್ಬರೂ ಸುಮ್ಮನಾದರೆ ಕರೆ ತನ್ನಷ್ಟಕ್ಕೆ ಸಾಗುತ್ತಲೇ ಇರುತ್ತದೆ.

ಎಲ್ಲರಿಗೂ ಗೊತ್ತಿರುವ ದಾರಿಯೆಂದರೆ ಪರದೆಯ ಕೆಳಭಾಗದಲ್ಲಿ ಕಾಣುವ ಕೆಂಪು ಗುಂಡಿ. ಅದನ್ನು ಒತ್ತಿದ ಮೇಲೆ ಒಂದು ಕ್ಷಣ ಪರದೆಯ ಮೇಲೆಯೇ ಕಣ್ಣಿಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಾತನಾಡಿದ ಹೊತ್ತನ್ನು ತೋರಿಸುವ ನಿಮಿಷ–ಸೆಕೆಂಡುಗಳ ಎಣಿಕೆ ನಿಂತು, ಕರೆ ಮುಗಿಯಿತೆಂಬ ಸೂಚನೆ ಮೂಡಿ, ಕರೆಯ ಪುಟವೇ ಮಾಯವಾದರೆ ಮಾತ್ರ ಕೆಲಸ ಆಯಿತೆಂದು ತಿಳಿಯಬಹುದು. ಒದ್ದೆ ಬೆರಳು, ಸಾಬೂನು ಹತ್ತಿದ ಬೆರಳು ಅಥವಾ ಸಾಧಾರಣ ಕೈಗವಸು ಹಾಕಿದ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲವಾದ್ದರಿಂದ, ಒತ್ತಿದೆವು ಎಂಬ ಭಾವನೆ ಬಂದಿದ್ದರೂ ಫೋನಿಗೆ ಅದು ತಲುಪದೇ ಇರಬಹುದು.

ಕೆಂಪು ಗುಂಡಿ ಕಾಣುವುದೇ ಇಲ್ಲ, ಪರದೆ ಪೂರ್ತಿ ಕಪ್ಪಾಗಿರುತ್ತದೆ ಎಂಬ ದೂರನ್ನು ನಾನು ಬಹಳವಾಗಿ ಕೇಳಿದ್ದೇನೆ. ಫೋನಿನ ಮೇಲ್ತುದಿಯಲ್ಲಿ, ಕಿವಿಗೆ ಧ್ವನಿ ಬರುವ ಸಣ್ಣ ರಂಧ್ರದ ಆಸುಪಾಸಿನಲ್ಲಿ, ಹತ್ತಿರದ ವಸ್ತುವನ್ನು ಗ್ರಹಿಸುವ ಒಂದು ಸಂವೇದಕ ಇರುತ್ತದೆ. ಫೋನು ಕಿವಿಯ ಬಳಿ ಬಂದಾಗ ಅದು ಪರದೆಯನ್ನು ಆರಿಸಿ ಸ್ಪರ್ಶವನ್ನೂ ತಡೆಯುತ್ತದೆ. ಕೆನ್ನೆ ತಗುಲಿ ಕರೆ ತಾನಾಗಿಯೇ ಕಟ್ ಆಗದಿರಲಿ, ಬೇಡದ ಗುಂಡಿಗಳು ಒತ್ತಿಹೋಗದಿರಲಿ ಎಂಬುದೇ ಅದರ ಉದ್ದೇಶ. ಫೋನನ್ನು ಮುಖದಿಂದ ದೂರ ಸರಿಸಿದೊಡನೆ ಪರದೆ ಮತ್ತೆ ಬೆಳಗಬೇಕು. ಬೆಳಗದಿದ್ದರೆ, ನೂರಕ್ಕೆ ನೂರು ಅಲ್ಲವಾದರೂ ಹೆಚ್ಚಿನ ಸಂದರ್ಭಗಳಲ್ಲಿ, ಆ ಸಂವೇದಕವನ್ನು ಏನೋ ಮುಚ್ಚಿದೆ ಎಂದೇ ಅರ್ಥ. ಹಿಡಿದ ಬೆರಳೇ ಅಡ್ಡವಿರಬಹುದು, ಮುಖದ ಎಣ್ಣೆಯ ಜಿಡ್ಡು ಹತ್ತಿರಬಹುದು, ಅಳತೆಗೆ ಸರಿಹೊಂದದ ಸ್ಕ್ರೀನ್ ಗಾರ್ಡಿನ ಅಂಚೋ ಕವರಿನ ಅಂಚೋ ಅದರ ಮೇಲೆ ಕುಳಿತಿರಬಹುದು. ಮೇಲ್ತುದಿಯನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ ನೋಡಿ. ಅದರಿಂದಲೂ ಸರಿಹೋಗದಿದ್ದರೆ ಸ್ಕ್ರೀನ್ ಗಾರ್ಡನ್ನು ತೆಗೆದು ಒಂದು ಕರೆ ಮಾಡಿ ಪರೀಕ್ಷಿಸಿ. ದುರಸ್ತಿಗೆ ಹಣ ಸುರಿಯುವ ಮುನ್ನ ಮಾಡಬೇಕಾದ ಕೆಲಸ ಇಷ್ಟೇ. ಸ್ಪೀಕರ್ ಹಾಕಿ ಮಾತನಾಡುವಾಗ ಪರದೆ ಆರುವುದು ಬೇರೆಯ ವಿಷಯ. ಅಲ್ಲಿ ಬಹಳ ಹೊತ್ತು ಮುಟ್ಟದೇ ಇದ್ದುದರಿಂದ ಪರದೆ ಮಲಗಿರುತ್ತದೆ, ಪವರ್ ಬಟನ್ ಒತ್ತಿದರೆ ಏಳುತ್ತದೆ.

ಈ ಪವರ್ ಬಟನ್ನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ಫೋನುಗಳಲ್ಲೂ ಅದು ಒಂದೇ ರೀತಿ ವರ್ತಿಸುವುದಿಲ್ಲ. ಸಾಮಾನ್ಯ ಆಂಡ್ರಾಯ್ಡ್ ಫೋನುಗಳಲ್ಲಿ, ನಾವು ಬೇರೆ ರೀತಿ ಹೊಂದಿಸದ ಹೊರತು, ಮಾತಿನ ನಡುವೆ ಪವರ್ ಬಟನ್ ಒತ್ತಿದರೆ ಪರದೆ ಆರುತ್ತದೆಯೇ ಹೊರತು ಕರೆ ಕಟ್ ಆಗುವುದಿಲ್ಲ. ಪರದೆ ಆರಿತಲ್ಲ ಎಂದು ನೆಮ್ಮದಿಯಿಂದ ಫೋನ್ ಕೆಳಗಿಡುವವರು ಮೋಸಹೋಗುವುದು ಇಲ್ಲಿಯೇ. ಆದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗವನ್ನು ತೆರೆದರೆ, ಪವರ್ ಬಟನ್ ಒತ್ತಿದಾಗ ಕರೆ ಮುಗಿಯಲಿ ಎಂಬ ಆಯ್ಕೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ದೊರೆಯುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಾದರೆ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಕರೆ ಸ್ವೀಕರಿಸುವ ಮತ್ತು ಮುಗಿಸುವ ವಿಭಾಗದೊಳಗೆ ಅದನ್ನು ಹುಡುಕಬೇಕು. ಒಮ್ಮೆ ಆನ್ ಮಾಡಿಟ್ಟರೆ ಕಣ್ಣು ಮಂಜಾದವರಿಗೆ, ಬೆರಳು ನಡುಗುವವರಿಗೆ, ಕೈ ಒದ್ದೆ ಇರುವ ಕೆಲಸದಲ್ಲಿ ತೊಡಗಿರುವವರಿಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ. ನನ್ನ ಮಟ್ಟಿಗೆ, ಹಿರಿಯರ ಕೈಗೆ ಹೊಸ ಫೋನ್ ಕೊಡುವ ಮೊದಲು ಮಕ್ಕಳು ಮಾಡಿಕೊಡಬೇಕಾದ ಮೊದಲ ಏರ್ಪಾಡು ಇದೇ, ಅಂದದ ಚಿತ್ರ ಹಾಕಿಕೊಡುವುದೆಲ್ಲ ಆಮೇಲಿನ ಮಾತು.

ಐಫೋನಿನಲ್ಲಿ ಪದ್ಧತಿ ತಿರುಗುಮುರುಗು. ಅಲ್ಲಿ ಫೋನನ್ನು ಕಿವಿಗೆ ಹಿಡಿದು ಮಾತನಾಡುತ್ತಿರುವಾಗ ಬದಿಯ ಬಟನ್ ಒತ್ತಿದರೆ ಕರೆ ತಾನಾಗಿಯೇ ಕಟ್ ಆಗುತ್ತದೆ. ಸ್ಪೀಕರ್ ಅಥವಾ ಹೆಡ್‌ಸೆಟ್ ಬಳಸುತ್ತಿದ್ದರೆ ಮಾತ್ರ ಪರದೆ ಆರಿ ಕರೆ ಮುಂದುವರಿಯುತ್ತದೆ. ಫೋನನ್ನು ಬಿಗಿಯಾಗಿ ಹಿಡಿಯುವ ಅಭ್ಯಾಸದಿಂದ ಮಾತಿನ ನಡುವೆಯೇ ಕರೆ ಕಟ್ ಆಗುತ್ತಿದ್ದವರಿಗಾಗಿ 2022ರಲ್ಲಿ ಬಂದ ಐಒಎಸ್ 16ರಲ್ಲಿ (ಐಫೋನನ್ನು ನಡೆಸುವ ತಂತ್ರಾಂಶದ ಆವೃತ್ತಿ) ಆಕ್ಸೆಸಿಬಿಲಿಟಿಯ ಟಚ್ ವಿಭಾಗದಲ್ಲಿ ಇದನ್ನು ತಡೆಯುವ ಆಯ್ಕೆಯನ್ನು ಸೇರಿಸಲಾಯಿತು. ಅದೇ ಆವೃತ್ತಿಯಲ್ಲಿ, ಮಾತಿನ ಆಜ್ಞೆ ಪಾಲಿಸುವ ಐಫೋನಿನ ಸಹಾಯಕ ಸಿರಿಗೆ ಬಾಯಿಮಾತಿನಲ್ಲಿ ಹೇಳಿ ಕರೆ ಮುಗಿಸುವ ಸೌಲಭ್ಯವೂ ಬಂದಿತು, ಆದರೆ ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಾವೇ ಆನ್ ಮಾಡಿಕೊಳ್ಳಬೇಕು. ನಾವು ಸಿರಿಗೆ ಕೊಡುವ ಆಜ್ಞೆ ಆ ಕಡೆಯವರ ಕಿವಿಗೂ ಬೀಳುತ್ತದೆಯಾದ್ದರಿಂದ, ಆತ್ಮೀಯರೊಡನೆ ಮಾತ್ರ ಇದನ್ನು ಬಳಸುವುದು ಒಳ್ಳೆಯದು.

ಕರೆಯ ನಡುವೆ ಯಾವುದೋ ನಂಬರ್ ಹುಡುಕಲೆಂದೋ ಸಂದೇಶ ಓದಲೆಂದೋ ಬೇರೆ ಪುಟಕ್ಕೆ ಹೋದಾಗ ಕೆಂಪು ಗುಂಡಿ ಕಣ್ಮರೆಯಾಗುತ್ತದೆ. ಗಾಬರಿಪಡಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ಪರದೆಯ ಮೇಲಂಚಿನಿಂದ ಬೆರಳನ್ನು ಕೆಳಗೆ ಎಳೆದರೆ ನಡೆಯುತ್ತಿರುವ ಕರೆಯ ಸೂಚನೆ ಕಾಣುತ್ತದೆ, ಕಟ್ ಮಾಡುವ ಗುಂಡಿಯೂ ಅದರಲ್ಲೇ ಇರುತ್ತದೆ. ಐಫೋನಿನಲ್ಲಿ ಮೇಲ್ಭಾಗದಲ್ಲಿ ಕಾಣುವ ಹಸಿರು ಗುರುತನ್ನು ಮುಟ್ಟಿದರೆ ಕರೆಯ ಪುಟ ಮರಳುತ್ತದೆ. ವೀಡಿಯೊ ಕರೆಗಳಲ್ಲಿ ಗುಂಡಿಗಳೆಲ್ಲ ಸ್ವಲ್ಪ ಹೊತ್ತಿಗೆ ಮರೆಯಾಗಿ ಎದುರಿನವರ ಮುಖವಷ್ಟೇ ಉಳಿಯುತ್ತದೆ. ಚಿತ್ರದ ಮೇಲೆ ಒಮ್ಮೆ ಮೆಲ್ಲನೆ ಮುಟ್ಟಿದರೆ ಅವು ಮತ್ತೆ ಕಾಣುತ್ತವೆ. ವೀಡಿಯೊ ಕರೆ ಕಟ್ ಆಗಿದೆಯೇ ಎಂಬುದನ್ನು ಇನ್ನೂ ಹೆಚ್ಚು ಎಚ್ಚರದಿಂದ ನೋಡಬೇಕು, ಅಲ್ಲಿ ಮಾತಷ್ಟೇ ಅಲ್ಲ, ಮನೆಯ ಒಳಗೂ ಕಾಣುತ್ತಿರುತ್ತದೆ.

ಇದ್ದಕ್ಕಿದ್ದಂತೆ ಗುಂಡಿಯನ್ನು ಎಷ್ಟು ಒತ್ತಿದರೂ ಕರೆ ಕಟ್ ಆಗದೆ, ಫೋನು ಪರದೆಯ ಮೇಲಿನ ಪ್ರತಿಯೊಂದು ಅಕ್ಷರವನ್ನೂ ಓದಿ ಹೇಳತೊಡಗಿದ್ದರೆ, ದೃಷ್ಟಿ ಇಲ್ಲದವರಿಗೆಂದು ಇರುವ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಸೌಲಭ್ಯ ಅರಿಯದೆ ಆನ್ ಆಗಿದೆ ಎಂದು ತಿಳಿಯಿರಿ. ಅದರಲ್ಲಿ ಗುಂಡಿಯನ್ನು ಒಮ್ಮೆ ಮುಟ್ಟಿದರೆ ಆಯ್ಕೆಯಾಗುತ್ತದೆ ಅಷ್ಟೆ, ಬಳಿಕ ಬೇಗನೆ ಎರಡು ಬಾರಿ ತಟ್ಟಬೇಕು. ಎರಡು ಬೆರಳುಗಳನ್ನು ಜೋಡಿಸಿ ಎರಡು ಬಾರಿ ತಟ್ಟಿದರೂ ಕರೆ ಮುಗಿಯುತ್ತದೆ.

ತಂತಿಯ ಇಯರ್‌ಫೋನಿನಲ್ಲಿ ಮೈಕ್ ಇರುವ ಕಡೆಯ ನಡುಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು. ಬ್ಲೂಟೂತ್ ಇಯರ್‌ಬಡ್‌ಗಳಲ್ಲಿ ಒಂದೊಂದು ತಯಾರಕರದು ಒಂದೊಂದು ಕ್ರಮ: ಕೆಲವದರಲ್ಲಿ ಒಮ್ಮೆ ಒತ್ತಬೇಕು, ಕೆಲವದರಲ್ಲಿ ಎರಡು ಬಾರಿ, ಇನ್ನು ಕೆಲವದರಲ್ಲಿ ಒತ್ತಿ ಹಿಡಿಯಬೇಕು. ಪೆಟ್ಟಿಗೆಯೊಡನೆ ಬಂದ ಕೈಪಿಡಿಯನ್ನು ಎಸೆಯುವ ಮುನ್ನ ಇದನ್ನೊಂದು ಓದಿಕೊಳ್ಳಿ. ಇಯರ್‌ಬಡ್ ಕಿವಿಯಿಂದ ತೆಗೆದ ಮಾತ್ರಕ್ಕೆ ಕರೆ ಮುಗಿಯಿತೆಂದು ನಂಬಬೇಡಿ. ಕಾರಿನ ಬ್ಲೂಟೂತಿಗೂ ಇದೇ ಮಾತು ಅನ್ವಯಿಸುತ್ತದೆ, ಎಂಜಿನ್ ಆರಿಸಿ ಇಳಿದರೆ ಕರೆ ಫೋನಿಗೆ ವರ್ಗವಾಗಿ ಜೇಬಿನೊಳಗೇ ಮುಂದುವರಿಯುವುದುಂಟು. ಸ್ಟಿಯರಿಂಗ್ ಮೇಲಿನ ಕರೆ ಮುಗಿಸುವ ಗುಂಡಿಯನ್ನು ಒತ್ತಿಯೇ ಇಳಿಯಬೇಕು.

ಒಂದು ಕರೆ ನಡೆಯುತ್ತಿರುವಾಗ ಇನ್ನೊಂದು ಬಂದರೆ ಗೊಂದಲ ಹೆಚ್ಚು. ಮೊದಲನೆಯದನ್ನು ಹೋಲ್ಡ್‌ನಲ್ಲಿಟ್ಟು ಎರಡನೆಯದನ್ನು ಸ್ವೀಕರಿಸುವುದು ಒಂದು ಆಯ್ಕೆ, ಮೊದಲನೆಯದನ್ನು ಕಟ್ ಮಾಡಿ ಸ್ವೀಕರಿಸುವುದು ಇನ್ನೊಂದು, ಬಂದದ್ದನ್ನು ನಿರಾಕರಿಸುವುದು ಮೂರನೆಯದು. ಅವಸರದಲ್ಲಿ ಓದದೆ ಒತ್ತಿದರೆ ಬೇಕಾದವರದೇ ಕಟ್ ಆಗುತ್ತದೆ. ಹೋಲ್ಡ್‌ನಲ್ಲಿಟ್ಟವರು ಎರಡನೆಯ ಕರೆ ಮುಗಿದ ಮೇಲೂ ಅಲ್ಲಿಯೇ ಕಾಯುತ್ತಿರುತ್ತಾರೆ ಎಂಬುದನ್ನು ಮರೆಯಬಾರದು. ಪರದೆಯನ್ನು ಇನ್ನೊಮ್ಮೆ ನೋಡಿ, ಅವರೊಡನೆ ಎರಡು ಮಾತನಾಡಿ, ಆ ಕರೆಯನ್ನೂ ಬೇರೆಯಾಗಿ ಮುಗಿಸಬೇಕು. ಹಲವರನ್ನು ಒಟ್ಟಿಗೆ ಸೇರಿಸಿದ ಕರೆಯನ್ನು ನೀವೇ ಜೋಡಿಸಿದ್ದರೆ, ಒಬ್ಬರನ್ನಷ್ಟೇ ಬಿಡಿಸುವ ಅವಕಾಶವೂ ಇರುತ್ತದೆ.

ಬೇಕೆಂದೇ ಕಟ್ ಮಾಡಬಾರದ ಕರೆಯೂ ಒಂದಿದೆ. ತುರ್ತು ಸೇವೆಗೆ ಕರೆ ಮಾಡಿದಾಗ ಆ ಕಡೆಯವರು ಸಾಕು ಎನ್ನುವವರೆಗೆ ಫೋನ್ ಇಡಬಾರದು. ಜೇಬಿನಲ್ಲಿ ಬಟನ್ ಒತ್ತಿಹೋಗಿ ಆಕಸ್ಮಿಕವಾಗಿ ಕರೆ ಹೋಗಿದ್ದರೂ ತಟ್ಟನೆ ಕಟ್ ಮಾಡದೆ, ತಪ್ಪಿ ಬಂದದ್ದು, ಯಾವ ಅಪಾಯವೂ ಇಲ್ಲ ಎಂದು ಹೇಳಿಯೇ ಮುಗಿಸಬೇಕು. ಇಲ್ಲದಿದ್ದರೆ ನಿಮಗೆ ಏನಾಯಿತೋ ಎಂದು ವಿಚಾರಿಸಲು ಅವರ ಸಮಯ ವ್ಯರ್ಥವಾಗುತ್ತದೆ.

ಇನ್ನು, ಫೋನೇ ಸ್ತಬ್ಧವಾಗಿ ಯಾವ ಗುಂಡಿಯೂ ಕೆಲಸ ಮಾಡದ ಸಂದರ್ಭ. ಮೇಲಿನಿಂದ ಎಳೆಯುವ ಪಟ್ಟಿ ತೆರೆದುಕೊಂಡರೆ ಏರ್‌ಪ್ಲೇನ್ ಮೋಡ್ ಆನ್ ಮಾಡಿ. ಮೊಬೈಲ್ ಜಾಲದ ಸಂಪರ್ಕ ಕಡಿದು ಕರೆ ನಿಲ್ಲುತ್ತದೆ. ವೈಫೈ ಮೂಲಕ ನಡೆಯುವ ಕರೆಯಾಗಿದ್ದರೆ ವೈಫೈಯನ್ನೂ ಆರಿಸಬೇಕು, ಏಕೆಂದರೆ ಕೆಲವು ಫೋನುಗಳಲ್ಲಿ ಏರ್‌ಪ್ಲೇನ್ ಮೋಡ್‌ನಲ್ಲೂ ಅದು ಉಳಿದಿರುತ್ತದೆ. ಅದೂ ಆಗದಿದ್ದರೆ ಬಲವಂತವಾಗಿ ಮರುಚಾಲನೆ ಮಾಡುವುದೊಂದೇ ದಾರಿ. ಸ್ಯಾಮ್‌ಸಂಗ್‌ನಲ್ಲಿ ಬದಿಯ ಬಟನ್ ಮತ್ತು ಧ್ವನಿ ಇಳಿಸುವ ಬಟನ್ ಎರಡನ್ನೂ 7 ಸೆಕೆಂಡಿಗಿಂತ ಹೆಚ್ಚು ಹೊತ್ತು ಒಟ್ಟಿಗೆ ಒತ್ತಿ ಹಿಡಿಯಬೇಕು. ಹೋಮ್ ಬಟನ್ ಇಲ್ಲದ ಐಫೋನುಗಳಲ್ಲಿ ಧ್ವನಿ ಏರಿಸುವ ಬಟನ್ನನ್ನು ಒಮ್ಮೆ, ಇಳಿಸುವುದನ್ನು ಒಮ್ಮೆ ಒತ್ತಿ ಬಿಟ್ಟು, ಬಳಿಕ ಆಪಲ್ ಗುರುತು ಮೂಡುವವರೆಗೆ ಬದಿಯ ಬಟನ್ನನ್ನು ಹಿಡಿದಿರಬೇಕು. ಫೋನು ಮರಳಿ ಎದ್ದ ಮೇಲೆ, ಮಾತು ಅರ್ಧಕ್ಕೆ ನಿಂತಿದ್ದರೆ ಅವರಿಗೆ ನೀವೇ ಕರೆ ಮಾಡಿ ಕಾರಣ ತಿಳಿಸಿಬಿಡಿ.