ಊರ ಹಿರಿಯರಿಗೆ ಕಲಿಕೆಯ ಕೂಟ: ಕಟ್ಟುವುದು ಹೇಗೆ?

ನಿವೃತ್ತಳಾದ ಮೊದಲ ತಿಂಗಳು ನಾನು ಬೆಳಿಗ್ಗೆ ಒಂಬತ್ತೂವರೆಗೆಲ್ಲ ತಲೆ ಬಾಚಿ, ಸೀರೆಯ ನೆರಿಗೆ ಸರಿಮಾಡಿಕೊಂಡು ಜಗಲಿ ಮೇಲೆ ಕೂರುತ್ತಿದ್ದೆ. 33 ವರ್ಷ ಪ್ರಾಥಮಿಕ ಶಾಲೆಯ ಗಂಟೆಗೆ ಒಗ್ಗಿದ ಮೈ, ಅರವತ್ತು ತುಂಬಿತೆಂದು ಸರ್ಕಾರ ಹೇಳಿದ ಮಾತ್ರಕ್ಕೆ ಸುಮ್ಮನಾಗುವುದಿಲ್ಲ. ಎದುರು ಮನೆಯಲ್ಲಿ, ಕಂಡಕ್ಟರ್ ಆಗಿ ನಿವೃತ್ತರಾದ ಅಣ್ಣ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಒಂದೇ ಬೀದಿಯಲ್ಲಿ, ಹತ್ತು ಮಾರು ದೂರದಲ್ಲಿ, ನಾವಿಬ್ಬರೂ ಬೇರೆ ಬೇರೆಯಾಗಿ ಹೊತ್ತು ನೂಕುತ್ತಿದ್ದೆವು.

ನಮ್ಮದು ತಿಪಟೂರು ಸೀಮೆಯ ತೆಂಗಿನ ಊರು. ಇಲ್ಲಿ ನಿವೃತ್ತಿ ಎಂಬ ಮಾತು ಸಂಬಳದವರಿಗೆ ಮಾತ್ರ. ರೈತನಿಗೆ ಯಾರೂ ಆದೇಶ ಕೊಟ್ಟು ಕಳಿಸುವುದಿಲ್ಲ. ಯಜಮಾನಿಕೆ ಮಗನ ಕೈಗೆ ಹೋದ ಮೇಲೆ, ತೋಟಕ್ಕೆ ನೀರು ಯಾವಾಗ ಬಿಡೋಣ ಎಂದು ಯಾರೂ ಕೇಳದ ದಿನ, ಅವನ ನಿವೃತ್ತಿಯೂ ಆಗಿರುತ್ತದೆ. ಹೆಂಗಸರಿಗೆ ಅದೂ ಇಲ್ಲ. ಎಪ್ಪತ್ತು ದಾಟಿದ ಅಜ್ಜಿಯೂ ಮೊಮ್ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡೇ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಾಳೆ. ಇವರೆಲ್ಲ ವಾರಕ್ಕೊಮ್ಮೆ ಸೇರಿ ಒಬ್ಬರಿಂದೊಬ್ಬರು ಕಲಿಯುವ ಕೂಟವನ್ನು ನಾವು ಐದು ವರ್ಷದಿಂದ ನಡೆಸುತ್ತಿದ್ದೇವೆ. ನಿಮ್ಮೂರಲ್ಲೂ ಕಟ್ಟಬೇಕೆನ್ನುವವರಿಗಾಗಿ ನಾವು ಮಾಡಿದ್ದನ್ನೂ ಎಡವಿದ್ದನ್ನೂ ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ

ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ. ಮೈಕಿನಲ್ಲಿ ಸಾರಿಸಬೇಡಿ, ಪಾಂಪ್ಲೆಟ್ ಹಂಚಬೇಡಿ. ನಾನು ಮೊದಲ ಸುತ್ತಿನಲ್ಲಿ ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು: "ಏನು ಕಲಿಯೋಕೆ ಇಷ್ಟ?" ಎಲ್ಲರದೂ ಒಂದೇ ಉತ್ತರ: "ಈ ವಯಸ್ಸಲ್ಲಿ ಇನ್ನೇನು ಕಲಿಯೋದು ಬಿಡಿ ಟೀಚರಮ್ಮ." ಕಲಿಯುವವನು ಚಿಕ್ಕವನು, ಕಲಿಸುವವನು ದೊಡ್ಡವನು ಎಂಬ ಲೆಕ್ಕ ಅವರ ಮನಸ್ಸಿನಲ್ಲಿದೆ. ಅರವತ್ತೈದರ ಮೇಲೆ ಚಿಕ್ಕವರಾಗಲು ಯಾರಿಗೆ ಇಷ್ಟ?

ಹದಿನೈದು ದಿನ ಬಿಟ್ಟು ಅದೇ ಮನೆಗಳಿಗೆ ಬೇರೆ ಪ್ರಶ್ನೆ ಹೊತ್ತು ಹೋದೆ: "ನಿಮಗೆ ಚೆನ್ನಾಗಿ ಗೊತ್ತಿರೋದು ಒಂದು ಹೇಳಿ, ಬರ್ಕೊಳ್ತೀನಿ." ನೋಟ್‌ಬುಕ್ ತುಂಬಿತು. ಮಿಲಿಟರಿಯಿಂದ ಬಂದವರು ನಕ್ಷೆ ಓದುವುದು ಹೇಳಿದರು. ಲೈನ್‌ಮನ್ ಆಗಿದ್ದವರು ಮೋಟರಿನ ಸ್ಟಾರ್ಟರ್ ಯಾಕೆ ಸುಡುತ್ತದೆ ಎಂಬುದನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಅರ್ಧ ಗಂಟೆ ವಿವರಿಸಿದರು. ಒಬ್ಬ ಅವ್ವನಿಗೆ ನಲವತ್ತಕ್ಕೂ ಹೆಚ್ಚು ಸೋಬಾನೆ ಪದ ಬಾಯಲ್ಲೇ ಇದ್ದವು. ಇನ್ನೊಬ್ಬರು ಸೂಲಗಿತ್ತಿ. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ಓದು ಬರಹ ಕಲಿತವರಲ್ಲ. ಕಲಿಸುವ ಯೋಗ್ಯತೆಯನ್ನು ಮಾರ್ಕ್ಸ್ ಕಾರ್ಡಿನಲ್ಲಿ ಹುಡುಕಬೇಡಿ ಎಂದು ನಾನು ಹೇಳುವಾಗ ನರಸಮ್ಮನವರೇ ನನ್ನ ಕಣ್ಣ ಮುಂದಿರುತ್ತಾರೆ.

ಹೊರದೇಶದಲ್ಲಿ ಇಂಥ ಕೂಟಗಳಿಗೆ ಅರ್ಧ ಶತಮಾನದ ಇತಿಹಾಸವಿದೆ. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ಪಿಯರ್ ವೆಲಾಸ್ ಎಂಬ ಪ್ರಾಧ್ಯಾಪಕರು ನಿವೃತ್ತರಿಗಾಗಿ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ' ತೆರೆದರು. ಅಲ್ಲಿ ಪಾಠ ಹೇಳುತ್ತಿದ್ದವರು ವಿಶ್ವವಿದ್ಯಾಲಯದವರು. 1980ರ ದಶಕದ ಆರಂಭದಲ್ಲಿ ಅದನ್ನು ಬ್ರಿಟನ್ನಿಗೆ ತಂದ ಪೀಟರ್ ಲ್ಯಾಸ್ಲೆಟ್ ಮತ್ತು ಜೊತೆಗಾರರು, ಹೊರಗಿನ ಮೇಷ್ಟರೇ ಬೇಡ, ಕಲಿಯುವ ಹಿರಿಯರೇ ಕಲಿಸಲಿ ಎಂದರು. ನಮ್ಮ ಹಳ್ಳಿಗಳಿಗೆ ಹೊಂದುವುದು ಈ ಎರಡನೆಯ ಬಗೆ. ಹಾಗೆ ನೋಡಿದರೆ ಇದು ನಮಗೆ ಹೊಸದೂ ಅಲ್ಲ. ಮಳೆ ಕೈಕೊಟ್ಟ ವರ್ಷ ಗುಡಿಯಲ್ಲಿ ವಿರಾಟಪರ್ವ ಓದಿಸುತ್ತಿದ್ದರಲ್ಲ, ಹಾಡಿ ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು, ಅನುಮಾನ ಕೇಳುವವರು ಇಡೀ ಊರು.

ಜಾಗ, ದಿನ, ಕುರ್ಚಿ

ಏಳೆಂಟು ಜನ ಒಪ್ಪಿದರೆ ಸಾಕು, ಶುರುಮಾಡಿ. ಜಾಗ ಆರಿಸುವಾಗ ಮಾತ್ರ ಅವಸರ ಬೇಡ. ನಾವು ಮೊದಲು ಸೇರಿದ್ದು ಗುಡಿಯ ಪ್ರಾಂಗಣದಲ್ಲಿ. ಎರಡು ವಾರ ಕಳೆದರೂ ಊರಿನ ಒಂದು ಕೇರಿಯಿಂದ ಒಬ್ಬರೂ ಬರಲಿಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ. ಮೂರನೇ ವಾರ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಬದಲಾಯಿಸಿದೆವು. ಆ ಕೇರಿಯಿಂದ ನಾಲ್ವರು ಬಂದರು. ಎಲ್ಲರೂ ತಲೆಯೆತ್ತಿ ಕಾಲಿಡುವ ಜಾಗವೇ ಆಗಬೇಕು. ಇದರಲ್ಲಿ ರಾಜಿ ಮಾಡಿಕೊಂಡರೆ ಅದು ಊರಿನ ಕೂಟವಾಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಎಂಬ ಹೆಸರಿದೆ. ಮೇಲ್ವಿಚಾರಕರನ್ನು ಮೊದಲು ಮಾತಾಡಿಸಿ, ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಒಂದು ಪುಟದ ಮನವಿ ಕೊಡಿ. ವಾರಕ್ಕೆ ಒಂದೂವರೆ ಗಂಟೆ ಜಾಗ ಬೇಕು, ಬೇರೇನೂ ಬೇಡ ಎಂದು ಸ್ಪಷ್ಟವಾಗಿ ಬರೆದಿರಲಿ. ಗ್ರಂಥಾಲಯ ಚಿಕ್ಕದಾಗಿದ್ದರೆ ಶಾಲೆ ಬಿಟ್ಟ ಮೇಲೆ ಒಂದು ಕೋಣೆ ಕೇಳಬಹುದು. ಶೌಚಾಲಯ ಇದೆಯೇ, ಅದರ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ಮೊದಲ ದಿನವೇ ವಿಚಾರಿಸಿ. ಹೆಂಗಸರು ಇದನ್ನು ಕೇಳುವುದಿಲ್ಲ, ಬರುವುದನ್ನು ನಿಲ್ಲಿಸಿಬಿಡುತ್ತಾರೆ.

ದಿನ ಗೊತ್ತುಮಾಡುವಾಗ ಸಂತೆಯ ದಿನ ಬಿಡಿ. ನಾವು ಸೋಮವಾರ ಇಟ್ಟುಕೊಂಡೆವು. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುತ್ತಿರಲಿಲ್ಲ. ಈಗ ಎತ್ತುಗಳೇ ಅಪರೂಪವಾದರೂ ಹಿರಿಯರ ಮೈಗೆ ಆ ಬಿಡುವಿನ ನೆನಪಿದೆ. ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಆಮೇಲೆ ಹಾಲು ಕರೆದು ಡೇರಿಗೆ ಹಾಕುವ ಸಮಯ, ಯಾರನ್ನೂ ಹಿಡಿದಿಡಲು ಆಗುವುದಿಲ್ಲ. ರಾಗಿ ಕೊಯ್ಲಿನ ವಾರಗಳಲ್ಲಿ ರಜೆ ಕೊಟ್ಟುಬಿಡಿ.

ಚಾಪೆ ಬೇಡ, ಕುರ್ಚಿ ಬೇಕು. ಮಂಡಿನೋವಿನವರು ಕೂತರೆ ಏಳಲಾರದೆ, ಏಳುವಾಗ ಇನ್ನೊಬ್ಬರ ಕೈ ಹಿಡಿಯಬೇಕಾದ ಸಂಕೋಚಕ್ಕೇ ಬರುವುದಿಲ್ಲ. ಕುರ್ಚಿಗಳನ್ನು ಶಾಲೆಯಂತೆ ಸಾಲಾಗಿ ಹಾಕದೆ ಸುತ್ತಲೂ ಹಾಕಿ. ಕಿವಿ ಮಂದವಾದವರು ಎದುರಿನವರ ತುಟಿ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ಕೂತರೆ ಅವರಿಗೆ ಕಾಣುವುದು ಬೆನ್ನುಗಳು ಮಾತ್ರ.

ಭಾಷಣ ಮಾಡಿಸಬೇಡಿ

ಮೊದಲ ದಿನ ಉದ್ಘಾಟನೆ, ಹಾರ, ಶಾಲು ಯಾವುದೂ ಇರದಿರಲಿ. ಒಂದು ದಿನಕ್ಕೆ ಒಂದು ವಿಷಯ. ಕಲಿಸುವವರು ಇಪ್ಪತ್ತು ನಿಮಿಷ ಕೈಯಿಂದ ಮಾಡಿ ತೋರಿಸಬೇಕು, ಉಳಿದ ಹೊತ್ತು ಬೇರೆಯವರು ಮಾಡಿ ನೋಡಬೇಕು. ಲೈನ್‌ಮನ್ ಅಣ್ಣ ಹಳೆಯ ಸ್ಟಾರ್ಟರ್ ಒಂದನ್ನು ತಂದು ಬಿಚ್ಚಿಟ್ಟ ದಿನ ಮೂವತ್ತು ವರ್ಷ ಮೋಟರು ಓಡಿಸಿದವರು ಮೊದಲ ಬಾರಿಗೆ ಅದರ ಒಳಗು ನೋಡಿದರು. ತೆಂಗಿನಗರಿಯ ಕಡ್ಡಿ ಸೀಳಿ ಪೊರಕೆ ಕಟ್ಟುವುದನ್ನು ಒಬ್ಬ ಅವ್ವ ಕಲಿಸಿದಾಗ ನಿವೃತ್ತ ಗುಮಾಸ್ತರೊಬ್ಬರ ಪೊರಕೆ ಮೂರು ಸಲ ಬಿಚ್ಚಿಕೊಂಡಿತು. ಅವರು ನಾಲ್ಕನೆಯ ಸಲಕ್ಕೆ ಗಟ್ಟಿಯಾಗಿ ಕಟ್ಟಿದಾಗ ಆ ಅವ್ವನ ಮುಖದಲ್ಲಿ ಕಂಡ ಸಂತೋಷವನ್ನು ನಾನು ನನ್ನ ಶಾಲೆಯ ದಿನಗಳಿಂದ ಚೆನ್ನಾಗಿ ಬಲ್ಲೆ.

ಮುಂದಿನ ವಾರ ಕಲಿಸುವವರು ಯಾರೆಂದು ಏಳುವ ಮೊದಲೇ ಗೊತ್ತಾಗಬೇಕು. ಒಬ್ಬರೇ ಎರಡು ವಾರ ಮಾತಾಡಿದರೆ ಕೂಟ ಅವರದಾಗಿಬಿಡುತ್ತದೆ. ನಮ್ಮಂಥ ಶಿಕ್ಷಕರಿಂದಲೇ ಈ ಅಪಾಯ ಹೆಚ್ಚು, ನಮಗೆ ಮಾತಿನ ಅಭ್ಯಾಸ. ಹೆಂಗಸರನ್ನು ಕರೆಯಲು ಹೆಂಗಸರೇ ಹೋಗಿ. ಸೊಸೆಯ ಬಳಿಯೂ ಒಂದು ಮಾತು ಹೇಳಿ ಬನ್ನಿ. ಸಂಜೆಯ ಕೆಲಸಕ್ಕೆ ಅತ್ತೆ ಬಂದೇ ಬರುತ್ತಾರೆ ಎಂಬ ಭರವಸೆ ಸೊಸೆಗೆ ಸಿಕ್ಕರೆ ಮುಂದಿನ ವಾರ ಅವಳೇ "ಹೊತ್ತಾಯ್ತು ಹೊರಡಿ ಅತ್ತೆ" ಅನ್ನುತ್ತಾಳೆ.

ಮೊಬೈಲು ಕಲಿಸುವಾಗ

ಎಲ್ಲ ಊರಲ್ಲೂ ಹಿರಿಯರು ಮೊದಲು ಕೇಳುವುದು ಇದನ್ನೇ. ಇಪ್ಪತ್ತು ಜನರ ಮುಂದೆ ನಿಂತು ಮೊಬೈಲು ಕಲಿಸಲು ಆಗುವುದಿಲ್ಲ. ಹೈಸ್ಕೂಲು ಮಕ್ಕಳನ್ನು ಕರೆದು ಒಬ್ಬ ಹಿರಿಯರಿಗೆ ಒಂದು ಮಗುವಿನಂತೆ ಕೂರಿಸಿ. ಮಕ್ಕಳಿಗೆ ಒಂದೇ ಕಟ್ಟಳೆ: ಮೊಬೈಲು ಹಿರಿಯರ ಕೈಯಲ್ಲೇ ಇರಬೇಕು, ನೀವು ಮುಟ್ಟಬಾರದು. ಮನೆಯಲ್ಲಿ "ಕೊಡಜ್ಜ ಇಲ್ಲಿ" ಎಂದು ಕಿತ್ತುಕೊಂಡು ಒಂದು ಕ್ಷಣದಲ್ಲಿ ಮಾಡಿಕೊಡುವುದರಿಂದಲೇ ಅಜ್ಜ ಇಷ್ಟು ವರ್ಷ ಕಲಿತಿಲ್ಲ. ಹೆಜ್ಜೆಗಳನ್ನು ಹಿರಿಯರು ತಮ್ಮದೇ ಮಾತಿನಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳಲಿ: "ಹಸಿರು ಗುರುತು ಒತ್ತು, ಮಗಳ ಫೋಟೊ ಹುಡುಕು, ಕ್ಯಾಮೆರಾ ಚಿತ್ರ ಒತ್ತು." ಪಿನ್ ಮಾತ್ರ ಎಲ್ಲೂ ಬರೆಯಬಾರದು.

ಹಣದ ವಿಷಯಕ್ಕೆ ಎರಡು ಸೋಮವಾರ ಬೇಕೇಬೇಕು. ಯುಪಿಐ ಪಿನ್ ಒತ್ತುವುದು ಹಣ ಕಳಿಸಲು ಇಲ್ಲವೇ ಖಾತೆಯ ಬಾಕಿ ನೋಡಲು. ಹಣ ಬರಲು ಪಿನ್ ಬೇಡ. "ನಿಮಗೆ ದುಡ್ಡು ಬರುತ್ತೆ, ಪಿನ್ ಒತ್ತಿ" ಎಂದವನು ಕಳ್ಳ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸ್ ದಿರಿಸಿನಲ್ಲಿ ವಿಡಿಯೊ ಕರೆಯಲ್ಲಿ ಬಂದು ಹೆದರಿಸುವವನ ಕರೆ ತುಂಡುಮಾಡಿ ಮನೆಯವರಿಗೆ ಹೇಳಬೇಕು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇದನ್ನು ಒಬ್ಬರು ಕಳ್ಳನಾಗಿ, ಇನ್ನೊಬ್ಬರು ಅಜ್ಜಿಯಾಗಿ ನಾಟಕ ಮಾಡಿ ತೋರಿಸಿ. ಹೇಳಿದ್ದು ಮರೆತುಹೋಗುತ್ತದೆ, ನಾಟಕ ನೆನಪಿರುತ್ತದೆ. ಅಕ್ಟೋಬರ್ ಕೊನೆಗೆ ಜೀವನ್ ಪ್ರಮಾಣ್ ಕಲಿಸಿ: ನವೆಂಬರಿನಲ್ಲಿ ಪಿಂಚಣಿದಾರರು ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಸಲ್ಲಿಸಬಹುದು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದಾದ್ದರಿಂದ, ಅವರಿದ್ದರೆ ಸೆಪ್ಟೆಂಬರಿನಲ್ಲೇ ಕಲಿಸಿ.

ಕಾಗದಪತ್ರದ ದಿನ

ನಮ್ಮಲ್ಲಿ ಅತಿ ಹೆಚ್ಚು ಜನ ಸೇರಿದ್ದು ನಿವೃತ್ತ ಗ್ರಾಮ ಲೆಕ್ಕಿಗರು ಪಹಣಿ ಓದಿಸಿದ ದಿನ. ಎಲ್ಲರೂ ತಮ್ಮ ತಮ್ಮ ಪಹಣಿ ತಂದಿದ್ದರು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಸಾಲದ ಋಣ ಉಳಿದಿದೆ ಎಂದು ಬೆರಳಿಟ್ಟು ಓದಿದಾಗ, ಗಂಡ ತೀರಿಕೊಂಡು ಹನ್ನೆರಡು ವರ್ಷವಾದರೂ ಜಮೀನು ಇನ್ನೂ ಅವರ ಹೆಸರಲ್ಲೇ ಇದೆ ಎಂಬುದು ಒಬ್ಬ ಅವ್ವನಿಗೆ ಅಂದು ತಿಳಿಯಿತು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕಲು ಆಕೆಯ ಜೊತೆ ಕೂಟದ ಇಬ್ಬರು ನಾಡಕಚೇರಿಗೆ ಹೋದರು.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯನ್ನೂ ಒಂದು ದಿನ ಓದಿ. ಮಕ್ಕಳಿಗೆ ಆಸ್ತಿ ದಾನಪತ್ರ ಮಾಡಿಕೊಡುವವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಮಾತು ತಪ್ಪಿದರೆ ಪತ್ರ ರದ್ದು ಕೋರಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಲು ದಾರಿಯಿದೆ. ಈ ಪಾಠದ ದಿನ ಯಾರ ಮನೆಯ ವಿಷಯವನ್ನೂ ಎತ್ತಬೇಡಿ, ಕಾನೂನಷ್ಟೇ ಹೇಳಿ. ಹೇಳಿಕೊಳ್ಳಬೇಕಾದವರು ಆಮೇಲೆ ಒಬ್ಬರೇ ಬರುತ್ತಾರೆ. ಹಿರಿಯರ ಸಹಾಯವಾಣಿ 14567 ಸಂಖ್ಯೆಯನ್ನು ಎಲ್ಲರ ಮೊಬೈಲಿನಲ್ಲೂ ಅಂದೇ ಹಾಕಿಸಿ.

ದುಡ್ಡು ಮತ್ತು ಕಟ್ಟುಪಾಡು

ತಿಂಗಳಿಗೆ ತಲೆಗೆ ಇಪ್ಪತ್ತು ರೂಪಾಯಿ ನಮಗೆ ಸಾಕಾಗಿದೆ: ಟೀ, ಎರಡು ನೋಟ್‌ಬುಕ್, ಜೆರಾಕ್ಸ್. ಕೊಡಲಾಗದವರನ್ನು ಕೇಳುವುದಿಲ್ಲ. ಟೀಗೆ ಸಕ್ಕರೆ ಬೇರೆಯಾಗಿಡಿ, ಸಕ್ಕರೆ ಕಾಯಿಲೆಯವರು ಪ್ರತಿ ಸಲ ಬಾಯಿಬಿಟ್ಟು ಬೇಡವೆನ್ನುವಂತಾಗಬಾರದು. ಲೆಕ್ಕ ಬರೆಯುವವರು ಒಬ್ಬರು, ದುಡ್ಡು ಇಟ್ಟುಕೊಳ್ಳುವವರು ಇನ್ನೊಬ್ಬರಾಗಿರಲಿ.

ಶುರುವಿಗೇ ಸಂಘದ ನೋಂದಣಿಗೆ ಹೋಗಬೇಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ನೋಂದಾಯಿಸಬಹುದು, ನಿಜ. ಆದರೆ ನೋಂದಣಿ ಎಂದ ತಕ್ಷಣ ಅಧ್ಯಕ್ಷರು ಯಾರು ಎಂಬ ಮಾತು ಬರುತ್ತದೆ, ವರ್ಷ ವರ್ಷ ಲೆಕ್ಕ ಒಪ್ಪಿಸುವ ಹೊಣೆಯೂ ಬರುತ್ತದೆ. ಅನುದಾನ ಪಡೆಯುವ ಕಾಲ ಬಂದರೆ ಆಗ ನೋಡೋಣ ಎಂದುಕೊಂಡ ನಾವು ಇನ್ನೂ ಮಾಡಿಸಿಲ್ಲ.

ನಮ್ಮ ಕಟ್ಟುಪಾಡು ಮೂರೇ. ಕೂಟದಲ್ಲಿ ಚೀಟಿ, ಕೈಸಾಲ ನಡೆಸುವಂತಿಲ್ಲ. ವಿಮೆ, ಔಷಧಿ, ಮಂಡಿನೋವಿನ ಎಣ್ಣೆ ಮಾರುವವರಿಗೆ ಪ್ರವೇಶವಿಲ್ಲ. ಹಿರಿಯರು ಒಂದೆಡೆ ಸೇರುತ್ತಾರೆಂದು ತಿಳಿದರೆ ಅವರು ಬಂದೇ ಬರುತ್ತಾರೆ. ಪಂಚಾಯಿತಿ ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದವರೆಗೆ ಅಭ್ಯರ್ಥಿಗಳ ಹೆಸರೆತ್ತುವಂತಿಲ್ಲ. ಮೂರನೆಯದನ್ನು ಪಾಲಿಸುವುದು ಕಷ್ಟ. ಒಮ್ಮೆ ಮಾತು ಮೀರಿ ಇಬ್ಬರು ಎದ್ದುಹೋದರು, ವಾಪಸು ಬರಲು ಎಂಟು ತಿಂಗಳು ಹಿಡಿಯಿತು.

ಬರಲಾಗದವರ ಮನೆಗೆ

ಎರಡು ಸೋಮವಾರ ಒಬ್ಬರು ಕಾಣದಿದ್ದರೆ ಮನೆಗೆ ಹೋಗಿ ವಿಚಾರಿಸುವ ಕೆಲಸ ಒಬ್ಬರಿಗೆ ಗೊತ್ತಾಗಿರಬೇಕು. ಕಾಲು ಕೈಕೊಟ್ಟೋ ಲಕ್ವ ಹೊಡೆದೋ ಮನೆ ಹಿಡಿದವರಿದ್ದರೆ ತಿಂಗಳಿಗೊಮ್ಮೆ ಕೂಟವೇ ಅವರ ಜಗಲಿಗೆ ಹೋಗಲಿ, ನಾಲ್ಕೈದು ಜನ ಸಾಕು. ಹಣ್ಣು ಬ್ರೆಡ್ಡು ಹಿಡಿದು ರೋಗಿಯನ್ನು ನೋಡಲು ಹೋದಂತೆ ಹೋಗಬೇಡಿ. ನೋಟ್‌ಬುಕ್ ಹಿಡಿದು ಪಾಠ ಕೇಳಲು ಹೋಗಿ.

ಸೋಬಾನೆ ಪದಗಳ ಅವ್ವ ಕಳೆದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೊದಲ ಸಲ ಹೋದಾಗ ಗೋಡೆಯ ಕಡೆ ಮುಖಮಾಡಿ ಮಲಗಿದ್ದರು. ಪಕ್ಕದಲ್ಲಿ ಕೂತು, "ಹೆಣ್ಣು ಒಪ್ಪಿಸೋ ಪದ ಇನ್ನೂ ನಮಗೆ ಬಂದಿಲ್ಲವ್ವ, ಹೇಳಿಕೊಡಿ" ಅಂದೆ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಹಾಡಿದರು, ನಾವು ಹಿಂದೆ ಹೇಳಿದೆವು. ಮುಂದಿನ ತಿಂಗಳು ಹೋಗುವಷ್ಟರಲ್ಲಿ ಮೊಮ್ಮಗನಿಂದ ಜಗಲಿಗೆ ಐದು ಕುರ್ಚಿ ಹಾಕಿಸಿ, ದಿಂಬಿಗೊರಗಿ ಕೂತು ಎಲೆ ಅಡಿಕೆ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದರು. ನಾವಿನ್ನೂ ಮೆಟ್ಟಿಲು ಹತ್ತುತ್ತಿದ್ದೆವು, "ಹೋದ್ ಸಲ ಎರಡು ಸಾಲು ಬಿಟ್ಟೋಗಿತ್ತು ಕಣವ್ವ, ರಾತ್ರಿ ನೆಪ್ಪಾಯ್ತು. ಬರ್ಕೋ" ಅಂದರು.